ಆ ರಾತ್ರಿ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡ ಚಿಕ್ಕಮ್ಮನಿಗೆ

ಕಳೆದ ಸೋಮವಾರ ಚಳ್ಳಕೆರೆಗೆ ಹೋಗಿ ಸಾಲದ ಕೊನೆಯ ಕಂತು ಕಟ್ಟಿ ಬಂದೆ. ಹೆಂಡತಿಯ ಬಳೆ, ಸರ ಮನೆಗೆ ಬಂದವು. ರಸೀದಿಯನ್ನು ದೇವರ ಮುಂದೆ ಇಟ್ಟು ಎಲ್ಲರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆವು. ಮಗಳು ಮಾತ್ರ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಓಡಾಡುತ್ತಿದ್ದಳು. ಅವನ್ನು ಒತ್ತೆ ಇಟ್ಟಾಗ ಅವಳಿಗೆ ಎರಡು ವರ್ಷ.

2021ರ ನವೆಂಬರ್ ಮಳೆಯಲ್ಲಿ ನಮ್ಮ ನಾಲ್ಕು ಎಕರೆ ಈರುಳ್ಳಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಆ ಕಥೆ ಮತ್ತೆ ಬೇಡ. ಸಾಲ ತೀರಿದ್ದು ತಿಳಿದು ಫೋನ್ ಮಾಡಿದವರೆಲ್ಲ ಈ ವಾರ ಒಂದೇ ಮಾತು ಹೇಳಿದಿರಿ: ‘ನಿಂದು ಗಟ್ಟಿ ಮನಸ್ಸು ಕಣಪ್ಪಾ.’ ಪ್ರೀತಿಯಿಂದಲೇ ಹೇಳಿದಿರಿ. ಆದರೆ ಆ ಮಾತು ನನಗೆ ಚುಚ್ಚುತ್ತಾ ಇದೆ. ನನ್ನ ಮನಸ್ಸು ಪೂರಾ ಕುಸಿದಿದ್ದ ಒಂದು ರಾತ್ರಿ ಇದೆ. ಅದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಚಿಕ್ಕಮ್ಮ ನಾಲ್ಕು ವರ್ಷ ಅದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಬರೆಯಲಾ ಅಂತ ಕೇಳಿದೆ. ‘ನಿಂದು, ನೀನ್ ಬರ್ಕ’ ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಕಿತ್ತು ರಾಶಿ ಹಾಕಿದ್ದ ಈರುಳ್ಳಿ ಟಾರ್ಪಾಲಿನ ಅಡಿಯಲ್ಲೇ ಕೊಳೆತಿತ್ತು. ಅದರ ವಾಸನೆ ಬಟ್ಟೆಯಲ್ಲಿ, ಕೂದಲಲ್ಲಿ, ಊಟದ ತಟ್ಟೆಯಲ್ಲೂ ಇತ್ತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅವತ್ತು ಸಂಜೆ ಸಾಲ ಕೊಟ್ಟವರೊಬ್ಬರು ಬಂದು, ನಾಲ್ಕು ಜನರ ಮುಂದೆ ಮಾತಾಡಿ ಹೋಗಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಮನೆ ಬಾಗಿಲು ಹಾಕದೆ ಹೊರಗೆ ಹೊರಟೆ. ಯಾಕೆ ಹೊರಟೆ ಅಂತ ಬಿಡಿಸಿ ಬರೆಯುವುದಿಲ್ಲ. ಇನ್ನು ಸಾಕು ಅನ್ನಿಸಿತ್ತು, ಅಷ್ಟೇ.

ಪಕ್ಕದ ಮನೆ ಚಿಕ್ಕಮ್ಮನದು. ಮಳೆಗೆ ಸಿಕ್ಕಿದ್ದ ಶೇಂಗಾ ಬಳ್ಳಿಯನ್ನು ಹೊಲದಿಂದ ತಂದು ಜಗಲಿ ತುಂಬ ಹರಡಿಕೊಂಡು, ಬಲ್ಬು ಹಾಕಿಕೊಂಡು ಕಾಯಿ ಬಿಡಿಸುತ್ತಾ ಕೂತಿದ್ದಳು.

‘ಎಲ್ಲಿಗಪ್ಪಾ ಈ ಹೊತ್ನಾಗೆ?’

‘ಸುಮ್ನೆ, ಚಿಕ್ಕಮ್ಮ.’

‘ಸುಮ್ನೆ ಹೋಗೋನು ಚಪ್ಲಿ ಹಾಕ್ಕಂಡು ಹೋಗ್ತಾನೆ.’

ನಾನು ಕಾಲು ನೋಡಿಕೊಂಡೆ. ಬರಿಗಾಲು. ಆ ಕೆಸರಲ್ಲಿ ಬರಿಗಾಲಲ್ಲಿ ಬಂದಿದ್ದೆ ಅನ್ನುವುದೇ ನನಗೆ ಗೊತ್ತಾಗಿರಲಿಲ್ಲ.

ಅವಳು ಎದ್ದು ಬಂದು ಕೈ ಹಿಡಿಯಲಿಲ್ಲ, ಅಳಲಿಲ್ಲ, ಕೂಗಿ ಊರು ಸೇರಿಸಲಿಲ್ಲ. ಒಂದು ಹೊರೆ ಬಳ್ಳಿಯನ್ನು ಪಕ್ಕಕ್ಕೆ ಎಳೆದು ಜಾಗ ಮಾಡಿದಳು. ‘ಕುತ್ಕ. ಬಳ್ಳಿ ಒದ್ದೆ ಐತೆ. ಇವತ್ತು ಬಿಡ್ಸದಿದ್ರೆ ಕಾಯೆಲ್ಲ ಮೊಳಕೆ ಬತ್ತಾವೆ. ಒಬ್ಳಿಗೆ ಆಗಲ್ಲ’ ಅಂದಳು. ಕೂತೆ. ಎರಡು ಮೂರು ಗಂಟೆ ನಾವು ಏನೂ ಮಾತಾಡಿರಲಿಕ್ಕಿಲ್ಲ. ಬಳ್ಳಿ ಹಿಡಿ, ಕಾಯಿ ಕೀಳು, ಪುಟ್ಟಿಗೆ ಹಾಕು. ಉಗುರಿನ ಸಂದಿ ಉರಿಯುತ್ತಿತ್ತು. ಎಷ್ಟೋ ದಿನಗಳ ಮೇಲೆ ನನ್ನ ಕೈ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತಿತ್ತು. ಪುಟ್ಟಿ ತುಂಬುತ್ತಿತ್ತು.

ಆಮೇಲೆ ಕೇಳಿದಳು, ‘ಎಷ್ಟೈತೆ ಸಾಲ?’

ಆವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಹೆಂಡತಿಗೆ ಅರ್ಧ ಹೇಳಿದ್ದೆ, ಅಪ್ಪನಿಗೆ ಅದಕ್ಕಿಂತ ಕಮ್ಮಿ. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಪೂರ್ತಿ ಮೊತ್ತವನ್ನು ನಾನೇ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಅವತ್ತು ಹೇಳಿದೆ. ಆರು ಲಕ್ಷದ ನಲವತ್ತು ಸಾವಿರ. ಅವಳ ಕೈ ನಿಲ್ಲಲಿಲ್ಲ. ‘ಹೂಂ. ಅದ್ರಾಗೆ ಸಣ್ಣದು ಯಾವ್ದು?’ ಅಂದಳು.

ಆಗ ಅತ್ತುಬಿಟ್ಟೆ. ತುಂಬಾ ಹೊತ್ತು ಅತ್ತೆ. ನಾಯಕನಹಟ್ಟಿಯ ಸಂತ ತಿಪ್ಪೇಸ್ವಾಮಿಯ ಮಾತು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ: ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ.’ ಸಿಟ್ಟಿನಲ್ಲಿ ಅದನ್ನೇ ಅವಳ ಮೇಲೆ ಎಸೆದೆ. ‘ನಾನು ಮಾಡಲಿಲ್ವಾ ಚಿಕ್ಕಮ್ಮ? ಜೂನ್‌ನಿಂದ ನಾನೂ ಹೆಂಡ್ತಿನೂ ಮಾಡಲಿಲ್ವಾ? ಎಲ್ಲಿ ನೀಡಿದ ಭಿಕ್ಷೆ?’ ಪ್ರತಿ ವರ್ಷ ಆ ಸ್ವಾಮಿಯ ಜಾತ್ರೆಗೆ ಹೋಗಿ ಹರಕೆಯ ಕೊಬ್ಬರಿ ಸುಟ್ಟು ಬರುವ ಹೆಂಗಸು ಅವಳು. ಏನಾದರೂ ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. ಬಹಳ ಹೊತ್ತು ಸುಮ್ಮನಿದ್ದು, ‘ನಂಗೂ ಗೊತ್ತಿಲ್ಲ ಕಣಪ್ಪಾ’ ಅಂದಳು.

ಅವಳು ಸುಳ್ಳು ಹೇಳಲಿಲ್ಲ. ಎಲ್ಲ ಸರಿ ಹೋಗುತ್ತೆ ಅಂದಿದ್ದರೆ ನಾನು ಎದ್ದು ಹೋಗುತ್ತಿದ್ದೆನೇನೋ. ಗೊತ್ತಿಲ್ಲ ಅಂದಳು, ಹಾಗಂದುಕೊಂಡೇ ಇನ್ನೊಂದು ಬಳ್ಳಿ ಎತ್ತಿಕೊಂಡಳು. ಮೂವತ್ತೆರಡನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಎರಡು ಮಕ್ಕಳು ಮತ್ತು ಹನ್ನೊಂದು ಕುರಿಗಳ ಜೊತೆ ಉಳಿದವಳು ಅವಳು. ಗೊತ್ತಿಲ್ಲದೆಯೂ ಮಾರನೇ ದಿನದ ಕೆಲಸಕ್ಕೆ ಏಳುವುದನ್ನು ಅವಳು ಯಾವತ್ತೋ ಕಲಿತಿದ್ದಳು. ನಾನು ಅವತ್ತು ನೋಡಿದೆ. ಕೋಳಿ ಕೂಗುವ ಹೊತ್ತಿಗೆ ಬಳ್ಳಿ ಮುಗಿದಿತ್ತು. ಟೀ ಕಾಸಿ ಕೊಟ್ಟು, ನನ್ನ ಹೆಂಡತಿಗೆ ಫೋನ್ ಹಚ್ಚಿಸಿ, ‘ಇವತ್ತೇ ಬಾ’ ಅಂದಳು. ಹೆಂಡತಿ ಬಸ್ಸಿಳಿಯುವವರೆಗೂ ಚಿಕ್ಕಮ್ಮ ನನ್ನನ್ನು ಕಣ್ಣಳತೆ ಬಿಟ್ಟು ಕಳಿಸಲಿಲ್ಲ.

ಮೂರನೇ ದಿನ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಸಾಲ ಬರೆದೆವು. ನಾನು, ಹೆಂಡತಿ, ಚಿಕ್ಕಮ್ಮ. ಸಣ್ಣದು ಮೇಲೆ, ದೊಡ್ಡದು ಕೆಳಗೆ. ಮೊದಲನೆಯದು ಕಿರಾಣಿ ಅಂಗಡಿಯದು. ಐದು ನೂರು ರೂಪಾಯಿ ಕೊಟ್ಟು ಬಂದೆ. ತಲೆ ಎತ್ತಿಕೊಂಡು ಅಂಗಡಿಗೆ ಹೋಗಿದ್ದು ಎರಡು ತಿಂಗಳಲ್ಲಿ ಅದೇ ಮೊದಲು. ಚಿಕ್ಕಮ್ಮ ತನ್ನ ರೊಪ್ಪದಿಂದ ಎಂಟು ಕುರಿಗಳನ್ನು, ಸಾಕಿ ಮರಿ ಹಂಚಿಕೊಳ್ಳೋಣ ಅಂತ, ಪಾಲಿಗೆ ಕೊಟ್ಟಳು. ಈರುಳ್ಳಿಯನ್ನು ಒಂದು ಎಕರೆಗೆ ಇಳಿಸಿದೆ. ಉಳಿದದ್ದಕ್ಕೆ ಶೇಂಗಾ, ನಡುನಡುವೆ ಅಕ್ಕಡಿ ಸಾಲಾಗಿ ತೊಗರಿ, ಅಂಚಿಗೆ ಸಜ್ಜೆ, ಹಿಂದೆ ಹುರುಳಿ. ಇದೇನು ಹೊಸದಲ್ಲ. ನಮ್ಮ ತಾತಂದಿರು ಮಾಡುತ್ತಿದ್ದದ್ದೇ. ಒಂದು ಹೋದರೆ ಇನ್ನೊಂದು ಉಳಿಯಲಿ ಅಂತ ಅವರು ಅಷ್ಟು ಯೋಚನೆ ಮಾಡಿದ್ದರು, ನಾವು ಒಂದೇ ಬೆಳೆಯ ರೇಟು ನೋಡಿ ಮರೆತಿದ್ದೆವು.

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಡ್ಯಾಮು, ತುಂಬಿ ಕೋಡಿ ಬಿತ್ತು. 1933ರಲ್ಲಿ ತುಂಬಿದ ಮೇಲೆ 89 ವರ್ಷ ಆ ಡ್ಯಾಮು ತುಂಬಿರಲಿಲ್ಲ. ಚಿಕ್ಕಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹಿರಿಯೂರು ದಾಟಿ ಹೋಗಿ ತೋರಿಸಿದೆ. ಜನವೋ ಜನ. ನೀರು ನೋಡುತ್ತಾ ನಿಂತವಳು, ‘ನಮ್ಮಪ್ಪ ಹುಟ್ಟಿದ್ದು ಇದು ತುಂಬಿದ್ ಮ್ಯಾಲೆ. ಸತ್ತಿದ್ದು ಇದು ತುಂಬಾಕೆ ಮುಂಚೆ’ ಅಂದಳು. ಮತ್ತೆ ಏನೂ ಹೇಳಲಿಲ್ಲ. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನನ್ನ ಭುಜ ಹಿಡಿದುಕೊಂಡಿದ್ದಳು.

ಮುಂದಿನ ವರ್ಷವೇ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಮ್ಮ ಶೇಂಗಾ ಹೂವಿನಲ್ಲೇ ಒಣಗಿತು. ಸಾಲ ಅರ್ಧಕ್ಕೆ ಇಳಿದಿತ್ತು, ಆದರೂ ನನ್ನ ನಿದ್ದೆ ಮತ್ತೆ ಹೋಯಿತು. ಈ ಸಲ ಬರಿಗಾಲಲ್ಲಿ ಹೊರಡುವವರೆಗೆ ಕಾಯಲಿಲ್ಲ. ಹೆಂಡತಿಗೆ ಹೇಳಿದೆ. ರಾತ್ರಿ ಒಂದೂವರೆಗೆ ಅವಳೇ 14416ಕ್ಕೆ ಫೋನ್ ಹಚ್ಚಿಕೊಟ್ಟಳು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆ ಇದ್ದ ಹೆಣ್ಣುಮಗಳು ಮುಕ್ಕಾಲು ಗಂಟೆ ಕೇಳಿಸಿಕೊಂಡರು, ಡಾಕ್ಟರ ಹತ್ತಿರ ಹೋಗಲು ಹೇಳಿದರು. ಹೋದೆ. ಎಂಟು ತಿಂಗಳು ಮಾತ್ರೆ ತಗೊಂಡೆ. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ. ಬರದ ಆ ವರ್ಷ ನಮ್ಮನ್ನು ಸಾಕಿದ್ದು ಕುರಿಗಳು ಮತ್ತು ಹುರುಳಿ.

ಇನ್ನು ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಬಡ್ಡಿ ಇಲ್ಲದೆ ಕೈಗಡ ಕೊಟ್ಟು ಒಂದು ದಿನವೂ ಕೇಳದ ಭಾವಮೈದ, ಬೆಂಗಳೂರಿನ ಹಳೆಯ ರೂಮಿನ ಗೆಳೆಯರು, ಬೆಳೆ ವಿಮೆ ಕಟ್ಟು ಅಂತ ಪ್ರತಿ ವರ್ಷ ಬೆನ್ನು ಹತ್ತಿದ ರೈತ ಸಂಪರ್ಕ ಕೇಂದ್ರದ ಸಾಹೇಬರು, ಮಗಳ ಫೀಸಿಗೆ ತಡ ಆದಾಗ ಒಂದು ಮಾತೂ ಆಡದ ಮೇಷ್ಟ್ರು, ನಿಮ್ಮೆಲ್ಲರಿಗೂ ನಾನು, ನನ್ನ ಮನೆಯವರು ಕೈಮುಗಿಯುತ್ತೇವೆ. ಹೆಂಡತಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುವುದಿಲ್ಲ. ಸೋಮವಾರ ಬಳೆ ತೊಡಿಸುವಾಗ ಹೇಳಿದ್ದೇನೆ.

ಚಿಕ್ಕಮ್ಮ, ಆ ರಾತ್ರಿ ನಿನಗೂ ಭಯ ಆಗಿತ್ತು ಅಂತ ನೀನು ಮೊನ್ನೆ ತಾನೆ ಹೇಳಿದೆ. ನಾನು ಎದ್ದು ಓಡಿದರೆ ಹಿಡಿಯುವ ಶಕ್ತಿ ನಿನ್ನ ಕೈಲಿರಲಿಲ್ಲ, ಅದಕ್ಕೇ ಕೆಲಸ ಕೊಟ್ಟೆ ಅಂದೆ. ಕಾಯಿ ಮುಗಿಯುತ್ತಾ ಬಂದಾಗ ಬಿಡಿಸಿಟ್ಟ ಬಳ್ಳಿಯನ್ನೇ ಮತ್ತೆ ನನ್ನ ಮುಂದೆ ಹಾಕಿದ್ದೆಯಂತೆ. ನನಗೆ ಗೊತ್ತೇ ಆಗಲಿಲ್ಲ ನೋಡು.

ಈ ವಾರ ನಮ್ಮದು ಶೇಂಗಾ ಕೀಳುವ ಕೆಲಸ. ಜಗಲಿ ತುಂಬ ಬಳ್ಳಿ ಇದೆ. ರಾತ್ರಿ ಹನ್ನೆರಡಾದರೂ ಲೈಟು ಉರಿಯುತ್ತಿರುತ್ತೆ. ಯಾರಿಗಾದರೂ ನಿದ್ದೆ ಬರುತ್ತಿಲ್ಲ ಅಂದರೆ ಬನ್ನಿ, ಕೈ ಕಮ್ಮಿ ಇವೆ.