ಹಾವಿನ ಹೆದರಿಕೆ

ಚಿ. ಸುಮಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಸಂತೋಷವೇ. "ಕಂಪನಿಯ ಹಿಂದಿನ ಜಾಗವನ್ನು ಹಾಗೇ ಬೆಳೆಯಲು ಬಿಟ್ಟಿದ್ದೇವೆ, ನಾಳೆ ಯಾರಿಗಾದರೂ ಹಾವು ಕಚ್ಚಿದರೆ?" ಎಂದು ಬರೆದೆಯಲ್ಲ, ಅದೊಂದು ಸಾಲು ನನ್ನ ನಿದ್ದೆ ಕೆಡಿಸಿತು.

ಹೆದರಬೇಡ ಎನ್ನಲಾರೆ. ನಮ್ಮ ಪದವಿನಲ್ಲಿ, ಈ ಎತ್ತರದ ಬಯಲಿನಲ್ಲಿ, ನಾಗರ, ಕೊಳಕುಮಂಡಲ ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹಾವು ಬರುವುದು ಇಲಿಯ ಹಿಂದೆ. ನಿಮ್ಮ ಕ್ಯಾಂಟೀನಿನಲ್ಲಿ ಉಳಿದ ಅನ್ನ ಎಲ್ಲಿಗೆ ಹೋಗುತ್ತದೆ, ಮೊದಲು ಅದನ್ನು ನೋಡು. ಬಾಗಿಲ ಹತ್ತಿರ, ನಡೆಯುವ ದಾರಿಯ ಎರಡೂ ಬದಿ ಹುಲ್ಲು ಗಿಡ್ಡವಾಗಿಯೇ ಇರಲಿ. ಹಾವುರಾಣಿ, ಓತಿಗೆಂದು ಕಲ್ಲಿನ ರಾಶಿ ಹಾಕುವುದಾದರೆ ಗೋಡೆಯಿಂದ ದೂರ ಹಾಕಿಸು. ನಿನಗೆ ಇದೆಲ್ಲ ಹೊಳೆದಿರುತ್ತದೆ, ಮುದುಕನ ಬಾಯಿ ಸುಮ್ಮನಿರುವುದಿಲ್ಲ.

ನಮ್ಮ ಆಫೀಸಿನ ಹಿಂದೆಯೂ ಮುರಕಲ್ಲಿನ ಪಾರೆ, ಅಂದರೆ ಜಂಬಿಟ್ಟಿಗೆಯ ಹಾಸುಬಂಡೆ, ಇತ್ತು. ಮಳೆಗಾಲದಲ್ಲಿ ಅದರ ಗುಂಡಿಗಳಲ್ಲಿ ನೀರು ನಿಂತು, ಗೇಣುದ್ದವೂ ಇಲ್ಲದ ದಂಟಿನಲ್ಲಿ ನೀಲಿ ಹೂ ಬಿಡುತ್ತಿತ್ತು. ಒಂದು ಗಿಡ ಕಿತ್ತು ಅಂಗೈಯಲ್ಲಿಟ್ಟು ನೋಡಿದ್ದೆ: ಬುಡದ ಎಳೆಗಳಿಗೆ ಸಾಸಿವೆಗಿಂತ ಸಣ್ಣ ಚೀಲಗಳು. ನೀರಿನ ಹುಳ ತಾಗಿದರೆ ಚೀಲ ಒಳಗೆಳೆದುಕೊಳ್ಳುತ್ತದೆ. ಪಾರೆಯ ಮಣ್ಣಿನಲ್ಲಿ ಸಾರವಿಲ್ಲ, ಗಿಡ ಹುಳ ತಿಂದೇ ಬದುಕಬೇಕು. ಆ ಪಾರೆಗೆ ಜೆಸಿಬಿ ಬಂತು, ಇಂಟರ್‌ಲಾಕ್ ಬಿತ್ತು. ಆಗಲೂ ಹಾವೇ ನೆಪ. ಮೀಟಿಂಗಿನಲ್ಲಿ ನಾನೂ ಇದ್ದೆ, ರಿಟೈರ್ ಆಗುವ ಹೊತ್ತಿಗೆ ಯಾಕೆ ಬೇಕು ಎಂದು ಮಾತಾಡಲಿಲ್ಲ. ಈಗಲೂ ಮಳೆ ಹಿಡಿದರೆ ಆ ನೀಲಿ ನೆನಪಾಗುತ್ತದೆ. ಮತ್ತೆ ಇಂಟರ್‌ಲಾಕಿನ ಅಡಿಯಲ್ಲಿ ಇಲಿ ಬಿಲ ತೋಡಿತು, ಹಾವು ಬಂದೇ ಬಂತು!

ಕೇಪಳ, ಕುಂಟಾಲ, ನೆಕ್ಕರೆ ಕಡಿಯದೆ ಬಿಟ್ಟರೆ ತಾವಾಗಿಯೇ ಬರುತ್ತವೆ. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸು. ಆ ದೊಡ್ಡ ಕಪ್ಪು-ಹಳದಿ ಚಿಟ್ಟೆ ಮೊಟ್ಟೆಯಿಡುವುದು ಅದರ ಎಲೆಯ ಮೇಲೆ. ಆ ಬಳ್ಳಿ ಇದ್ದಲ್ಲಿ ಹಾವು ಸುಳಿಯದು ಎನ್ನುತ್ತಾರೆ ಊರಿನವರು. ನೀನು ಚಿಟ್ಟೆಗೋಸ್ಕರ ನೆಡು, ಅದನ್ನು ನಂಬಿ ಟಾರ್ಚ್ ಬಿಟ್ಟು ಓಡಾಡಬೇಡ.

ಆದರೂ ಕಚ್ಚಿದರೆ? ಹಗ್ಗ ಬಿಗಿಯುವುದು, ಕೊಯ್ಯುವುದು, ಚೀಪುವುದು ಯಾವುದೂ ಕೂಡದು. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಮಲಗಿಸಿಕೊಂಡು ನೇರ ಆಸ್ಪತ್ರೆಗೆ. ಎಲ್ಲ ಆಸ್ಪತ್ರೆಯಲ್ಲೂ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇರುವುದಿಲ್ಲ. ಎಲ್ಲಿದೆ ಎಂದು ಈಗಲೇ ಫೋನ್ ಮಾಡಿ ಕೇಳಿ, ವಾಚ್‌ಮನ್ ಕೋಣೆಯಲ್ಲಿ ಬರೆದು ಅಂಟಿಸು. ಕಂಡ ಹಾವನ್ನೆಲ್ಲ ಹೊಡೆಯಲು ಬಿಡಬೇಡ, ಪಾಪದ ಕೇರೆಯೇ ಹೆಚ್ಚು ಸಾಯುತ್ತದೆ. ಕೇರಳ ಅರಣ್ಯ ಇಲಾಖೆಯ 'ಸರ್ಪ' ಆ್ಯಪ್‌ನಲ್ಲಿ ಹಾವು ಹಿಡಿಯುವವರ ನಂಬರ್ ಸಿಗುತ್ತದೆ.

ರಾತ್ರಿ ಪಾಳಿಯವರಿಗೆ ಗಂಬೂಟು ಬೇಕೇ ಬೇಕು. ಕಂಪನಿ ಹಿಂದೆಮುಂದೆ ನೋಡಿದರೆ ಸೈಜ್ ಬರೆದು ಕಳಿಸು, ಕುಂಬಳೆ ಪೇಟೆಗೆ ಹೋದಾಗ ನಾನೇ ತರುತ್ತೇನೆ.

ಇತಿ,
ನಿನ್ನ ಮಾವ