ಮಿಲ್ವಾಕಿಯಲ್ಲಿರುವ ಗೆಳೆಯನಿಗೊಂದು ಪತ್ರ: ನಿನ್ನ ಸರೋವರದ ತಳದಲ್ಲಿ ಏನೇನಿದೆ ಗೊತ್ತಾ?

ಹುಬ್ಬಳ್ಳಿ
ರವಿವಾರ

ದೋಸ್ತ,

ಡೈವಿಂಗ್ ಕೋರ್ಸಿಗೆ ಸೇರಿದ್ದೀನಿ ಅಂತ ನೀನು ಹೇಳಿದಾಗ ಎಷ್ಟು ಖುಷಿಯಾಯಿತು ಅಂದರೆ, ಫೋನಿನಲ್ಲಿ ಸರಿಯಾಗಿ ಮಾತೇ ಬರಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಪುರಸೊತ್ತು ಮಾಡಿಕೊಂಡು ಓದು. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಯಾಕೆಂದರೆ ಅಮೆರಿಕ, ಕೆನಡಾ ಕಡೆಯ ಗ್ರೇಟ್ ಲೇಕ್ಸ್ ಅನ್ನುವ ಆ ದೊಡ್ಡ ಸರೋವರಗಳ ಸುತ್ತ ಚಿಕಾಗೋ, ಡೆಟ್ರಾಯಿಟ್, ಟೊರೊಂಟೊ ಅಂತ ನಮ್ಮ ಕಡೆಯ ಮಂದಿ ಬಹಳ ಇದ್ದಾರೆ. ಅವರೂ ಓದಲಿ.

ಮಿಚಿಗನ್ ಸರೋವರ ನೋಡಿದರೆ ಸಮುದ್ರದ ಹಾಗೇ ಇದೆ ಅಂದೆಯಲ್ಲ, ಆಚೆ ದಡ ಕಾಣೋದೇ ಇಲ್ಲ ಅಂತ. ನಿಜ. ಆದರೆ ಅದು ಸಮುದ್ರವಲ್ಲ, ಸಿಹಿನೀರು. ನಾನು ಈ ಮುಳುಗಿದ ಹಡಗುಗಳ ಬೆನ್ನು ಹತ್ತಿದ್ದೇ ಆ ಕಾರಣಕ್ಕೆ. ಸಮುದ್ರದಲ್ಲಿ ಮರದ ಹಡಗು ಮುಳುಗಿದರೆ ಟೆರೆಡೊ ಅನ್ನುವ ಹುಳದಂಥ ಜೀವಿ ಮರವನ್ನು ಕೊರೆದು ತಿಂದುಬಿಡುತ್ತದೆ. ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಉಪ್ಪಿಲ್ಲವಾದ್ದರಿಂದ ಕಬ್ಬಿಣಕ್ಕೂ ತುಕ್ಕು ನಿಧಾನ. ಇನ್ನು ಚಳಿ. ನೀರು 4 ಡಿಗ್ರಿಯ ಹತ್ತಿರ ಇದ್ದಾಗ ಎಲ್ಲಕ್ಕಿಂತ ಭಾರ ಇರುತ್ತದೆ, ಅದು ಇಳಿದು ತಳದಲ್ಲೇ ಕೂರುತ್ತದೆ, ಮೇಲೆ ನೀವು ಬೇಸಿಗೆಯಲ್ಲಿ ಈಜಾಡುತ್ತಿದ್ದರೂ ಆಳದಲ್ಲಿ ವರ್ಷವಿಡೀ ಕೊರೆಯುವ ಚಳಿ. ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸವೂ ಅಲ್ಲಿ ಮಂದ. ಹಾಗಾಗಿ ನೂರು, ನೂರೈವತ್ತು ವರ್ಷ ಹಳೆಯ ಮರದ ಹಡಗುಗಳು ಹಲಗೆ, ತೊಲೆ, ಚುಕ್ಕಾಣಿ ಸಮೇತ ಅಲ್ಲಿ ಕೂತಿವೆ.

ನಿನ್ನ ರಾಜ್ಯದ್ದೇ ಒಂದು ಹೇಳುತ್ತೇನೆ. ರೌಸ್ ಸಿಮನ್ಸ್ ಅಂತ ಮೂರು ಕಂಬದ ಹಾಯಿ ಹಡಗು. 1912ರ ನವೆಂಬರಿನಲ್ಲಿ ಕ್ರಿಸ್‌ಮಸ್ ಗಿಡಗಳನ್ನು ಹೇರಿಕೊಂಡು ಚಿಕಾಗೋಗೆ ಹೊರಟಿತ್ತು. ಬಿರುಗಾಳಿಗೆ ಸಿಕ್ಕಿ ವಿಸ್ಕಾನ್ಸಿನ್‌ನ ಟೂ ರಿವರ್ಸ್ ಊರಿನ ಹತ್ತಿರ ಮುಳುಗಿತು, ಒಬ್ಬರೂ ಉಳಿಯಲಿಲ್ಲ. 1924ರಲ್ಲಿ ಮೀನುಗಾರರ ಬಲೆಗೆ ಅದರ ಕ್ಯಾಪ್ಟನ್ನನ ಪಾಕೀಟು ಸಿಕ್ಕಿತು, ನೀರು ಹೋಗದ ಬಟ್ಟೆಯಲ್ಲಿ ಸುತ್ತಿದ್ದರಿಂದ ಒಳಗಿನ ಕಾಗದಗಳು ಹಾಗೇ ಇದ್ದವು. ಹಡಗು ಸಿಕ್ಕಿದ್ದು ಮಾತ್ರ 1971ರಲ್ಲಿ, ಸುಮಾರು 165 ಅಡಿ ಆಳದಲ್ಲಿ, ಒಬ್ಬ ಡೈವರ್‌ಗೆ. ಸರಕಿನ ಕೋಣೆಯಲ್ಲಿ ಆ ಗಿಡಗಳ ರಾಶಿ ಇನ್ನೂ ಇತ್ತು, ಕೆಲವದರ ಸೂಜಿಯಂಥ ಎಲೆಗಳೂ ಉದುರಿರಲಿಲ್ಲ. ಹೆಚ್ಚುಕಡಿಮೆ ಅರವತ್ತು ವರ್ಷ ಆದಮೇಲೆ! ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಕ್ಯಾಪ್ಟನ್ನನ ಹೆಂಡತಿ ಮತ್ತು ಹೆಣ್ಣುಮಕ್ಕಳು ಮುಂದೆಯೂ ಚಿಕಾಗೋದಲ್ಲಿ ಗಿಡ ಮಾರುವ ಧಂದೆ ಬಿಡಲಿಲ್ಲವಂತೆ, ಅದನ್ನು ಓದಿದಾಗ ಇನ್ನೂ ಜಾಸ್ತಿ ಕಾಡಿತು.

ಆದರೆ ನಾನು ನಿನಗೆ ನಿಜವಾಗಿ ಹೇಳಬೇಕಿರುವುದು ನಿನ್ನ ಊರಿನ ಹೆಸರೇ ಇರುವ ಹಡಗಿನ ಬಗ್ಗೆ. ಎಸ್‌.ಎಸ್‌. ಮಿಲ್ವಾಕಿ. ಅದು ರೈಲು ಹೊತ್ತೊಯ್ಯುವ ಹಡಗು. ಸರಕಿನ ರೈಲುಗಳು ಸರೋವರದ ದಕ್ಷಿಣಕ್ಕೆ ಚಿಕಾಗೋ ಸುತ್ತಿ ಹೋಗುವುದನ್ನು ತಪ್ಪಿಸಲು, ಹಡಗಿನ ಒಳಗೇ ಹಳಿ ಹಾಕಿ, ವ್ಯಾಗನ್‌ಗಳನ್ನು ಹಿಂಬಾಗಿಲಿನಿಂದ ನೂಕಿ, ಮಿಲ್ವಾಕಿಯಿಂದ ಆಚೆ ದಡದ ಗ್ರ್ಯಾಂಡ್ ಹೇವನ್‌ಗೆ ಸಾಗಿಸುತ್ತಿದ್ದರು. 1929ರ ಅಕ್ಟೋಬರ್ 22ರ ಮಧ್ಯಾಹ್ನ ದೊಡ್ಡ ಗಾಳಿಯಲ್ಲೇ ಅದು ಬಂದರು ಬಿಟ್ಟಿತು. ಹಡಗಿನಲ್ಲಿ ರೇಡಿಯೊ ಇರಲಿಲ್ಲ. ಏನಾಯಿತು ಅನ್ನುವುದು ಗೊತ್ತಾಗಿದ್ದು ಒಂದು ಚೀಟಿಯಿಂದ. ಹಡಗಿನ ಲೆಕ್ಕ ನೋಡಿಕೊಳ್ಳುತ್ತಿದ್ದ ಪರ್ಸರ್ ರಾತ್ರಿ ಎಂಟೂವರೆಗೆ ಅದನ್ನು ಬರೆದು, ನೀರು ಹೋಗದ ಡಬ್ಬಿಯಲ್ಲಿಟ್ಟು ಬಿಟ್ಟಿದ್ದ. ನೀರು ಜೋರಾಗಿ ಒಳಗೆ ಬರುತ್ತಿದೆ, ಮಿಲ್ವಾಕಿಗೆ ವಾಪಸ್ ತಿರುಗಿಸಿದ್ದೇವೆ, ಪಂಪ್ ಓಡುತ್ತಿವೆ, ಆದರೆ ಹಿಂಬದಿಯ ಗೇಟು ಒಳಕ್ಕೆ ಬಾಗಿಹೋಗಿದೆ, ನೀರು ತಡೆಯಲು ಆಗುತ್ತಿಲ್ಲ ಅಂತ ಅದರಲ್ಲಿತ್ತು. ಹಡಗಿನಲ್ಲಿ ಯಾರ್‍ಯಾರಿದ್ದಾರೆ ಅನ್ನುವುದಕ್ಕೆ, ಹೋದ ಸಲ ಪಗಾರ ತೆಗೆದುಕೊಂಡವರೇ ಹೆಚ್ಚುಕಡಿಮೆ ಈಗಲೂ ಇದ್ದಾರೆ ಅಂತ ಬರೆದಿದ್ದ. ಹುಡುಕುವವರಿಗೆ ಹೆಸರು ಗೊತ್ತಾಗಲಿ ಅಂತ. ಮುಳುಗುವ ಹೊತ್ತಿನಲ್ಲೂ ತನ್ನ ಕೆಲಸ ಮಾಡಿದ ಮನುಷ್ಯ.

ನೀನೇ ಬಲ್ಲೆ, ಅಪ್ಪ ಜೀವಮಾನವಿಡೀ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಇದನ್ನು ಅವರಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ವ್ಯಾಗನ್ ಕಟ್ಟಿದ ಸರಪಳಿ ಕಿತ್ತಿರಬೇಕು ನೋಡು. ತುಂಬಿದ ವ್ಯಾಗನ್ ಒಳಗ ಅಡ್ಡಾಡಾಕ ಹತ್ತಿದ್ರ ಯಾವ ಗೇಟೂ ನಿಲ್ಲಂಗಿಲ್ಲ" ಅಂದರು. ಅದು ಅವರ ಅಂದಾಜು, ಆದರೆ ಚಕ್ರದ ಜೊತೆ ಆಯುಷ್ಯ ಕಳೆದವರ ಅಂದಾಜು. ಆ ಹಡಗು ಇವತ್ತು ನಿನ್ನ ಊರಿನಿಂದ ಸ್ವಲ್ಪವೇ ದೂರ, ಸುಮಾರು 120 ಅಡಿ ಆಳದಲ್ಲಿದೆ. ಡೈವರ್‌ಗಳು ಆ ವ್ಯಾಗನ್‌ಗಳನ್ನು ಈಗಲೂ ನೋಡಿ ಬರುತ್ತಾರೆ.

ನೀನು ಈಗಲೇ ಅಲ್ಲಿಗೆ ಹೋಗಬೇಡ, ಮಾರಾಯ. ಕೋರ್ಸ್ ಮುಗಿದಾಗ ನಿನಗೆ ಸಿಗುವುದು 60 ಅಡಿಯ ಅನುಮತಿ, ಅಂದರೆ 18 ಮೀಟರ್. ಹವ್ಯಾಸಿ ಡೈವರ್‌ಗಳ ಕೊನೆಯ ಗೆರೆಯೇ 130 ಅಡಿ. ಸುಮಾರು 100 ಅಡಿ ದಾಟಿದರೆ ಟ್ಯಾಂಕಿನ ಗಾಳಿಯಲ್ಲಿರುವ ನೈಟ್ರೋಜನ್ನೇ ತಲೆಗೆ ಏರಲು ಶುರುವಾಗುತ್ತದೆ, ಕುಡಿದವರ ಹಾಗೆ, ತಪ್ಪು ಮಾಡುತ್ತಿದ್ದೇನೆ ಅಂತ ತನಗೇ ತಿಳಿಯುವುದಿಲ್ಲ. ಆ ಚಳಿಯಲ್ಲಿ, ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಒಳಗೆ ಮಂಜುಗಟ್ಟಿ ಗಾಳಿ ಒಂದೇ ಸಮನೆ ಹೊರಗೆ ನುಗ್ಗುವುದುಂಟು. ಹಡಗಿನ ಒಳಗೆ ಹೋಗುವುದಂತೂ ಬೇರೆಯೇ ವಿದ್ಯೆ. ಕಾಲಿನ ರೆಕ್ಕೆ ಒಂದು ಸಲ ತಳಕ್ಕೆ ತಾಗಿದರೆ ಸಾಕು, ಹೂಳೆದ್ದು ಕೈಯೇ ಕಾಣದ ಹಾಗೆ ಆಗುತ್ತದೆ. ಅದಕ್ಕೇ ಬಲ್ಲವರು ಬಾಗಿಲಿನಿಂದ ದಾರ ಬಿಟ್ಟುಕೊಂಡು ಒಳಗೆ ಹೋಗುತ್ತಾರೆ. ಗಾಳಿಯಲ್ಲಿ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದ ಭಾಗ ಮುಟ್ಟುವ ಹಾಗಿಲ್ಲ. ಸುಪೀರಿಯರ್ ಸರೋವರದಲ್ಲಿ ಗುನಿಲ್ಡಾ ಅಂತ ಒಂದು ಶ್ರೀಮಂತರ ಹಡಗಿದೆ, 1911ರಲ್ಲಿ ಮುಳುಗಿದ್ದು. ದಾರಿ ಬಲ್ಲ ಸ್ಥಳೀಯ ಪೈಲಟ್ಟನ್ನು ಮಾಲೀಕ ಬೇಡ ಅಂದಿದ್ದಕ್ಕೆ ಬಂಡೆ ಏರಿತು, ಎಳೆದು ಬಿಡಿಸಲು ಹೋದಾಗ ಮಗುಚಿತು. ಬಹಳ ಚಂದ ಉಳಿದಿದೆ, ಹೆಸರಾಂತ ಫ್ರೆಂಚ್ ಸಮುದ್ರಶೋಧಕ ಕೂಸ್ಟೋನ ತಂಡವೂ ಹೋಗಿ ನೋಡಿ ಬಂದಿದೆ. ಆದರೆ ಅದಿರುವುದು ಸುಮಾರು 270 ಅಡಿಯಲ್ಲಿ. 1970ರಲ್ಲಿ ಒಬ್ಬರು, 1989ರಲ್ಲಿ ಇನ್ನೊಬ್ಬರು ಅಲ್ಲಿ ಇಳಿದು ಜೀವ ಕಳೆದುಕೊಂಡರು. ಮಾಲೀಕನ ಹಟ ಬೇರೆ, ಡೈವರ್‌ಗಳ ಆಸೆ ಬೇರೆ, ನನಗೆ ಗೊತ್ತು. ಆದರೂ ನಿನಗೆ ಇದನ್ನು ಹೇಳಲೇಬೇಕು.

ಮೊದಲು ಪ್ರಿನ್ಸ್ ವಿಲೆಮ್ ನೋಡು. 1954ರ ಅಕ್ಟೋಬರಿನಲ್ಲಿ ಮಿಲ್ವಾಕಿ ಬಂದರಿನಿಂದ ಹೊರಬರುತ್ತಿದ್ದ ಡಚ್ ಹಡಗು, ಟಗ್ ಅನ್ನುವ ಎಳೆಯುವ ದೋಣಿಯ ಹಿಂದಿದ್ದ ಒಂದು ಬಾರ್ಜು, ಅಂದರೆ ಸರಕಿನ ದೋಣಿ, ಬಡಿದು ಮುಳುಗಿತು, ಎಲ್ಲರೂ ಬದುಕಿ ಬಂದರು. ಬಲ ಮಗ್ಗುಲಿಗೆ ಮಲಗಿದೆ. ಮೇಲ್ಭಾಗ ಸುಮಾರು 50 ಅಡಿಗೇ ಸಿಗುತ್ತದೆ, ತಳ ಸುಮಾರು 90. ಮೇಲಿನಿಂದ ನೋಡಿ ಬರಲು ಮೊದಲಿಗೆ ಅಷ್ಟು ಸಾಕು, ಅದೂ ಅನುಭವ ಇದ್ದವರ ಜೊತೆ.

ಈಗ ವಿಮಾನಗಳ ವಿಷಯ. ಸರೋವರದಲ್ಲಿ ಯುದ್ಧವಿಮಾನ ಎಲ್ಲಿಂದ ಬಂತು ಅಂತ ನೀನು ಕೇಳಿದ್ದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆಗೆ ಹಡಗಿನ ಮೇಲೆ ವಿಮಾನ ಇಳಿಸುವುದನ್ನು ಕಲಿಸಬೇಕಿತ್ತು, ಆದರೆ ಸಮುದ್ರದಲ್ಲಿ ಸಬ್‌ಮರೀನ್ ಕಾಟ. ಅದಕ್ಕೆ ಎರಡು ಹಳೆಯ ಪ್ರಯಾಣಿಕರ ಸ್ಟೀಮರ್ ತಗೊಂಡು, ಮೇಲಿನದೆಲ್ಲ ಕತ್ತರಿಸಿ, ಉದ್ದ ಡೆಕ್ ಹಾಸಿದರು. ವುಲ್ವರೀನ್ ಮತ್ತು ಸೇಬಲ್. ಎರಡೂ ಕಲ್ಲಿದ್ದಲಿನಲ್ಲಿ ಓಡುವ, ಪಕ್ಕದಲ್ಲಿ ದೊಡ್ಡ ಚಕ್ರ ತಿರುಗುವ ಹಡಗುಗಳು. ಚಿಕಾಗೋದ ಮುಂದೆ 17,000ಕ್ಕೂ ಹೆಚ್ಚು ಪೈಲಟ್‌ಗಳು ಅವುಗಳ ಮೇಲೆ ಕಲಿತರು, ಮುಂದೆ ಅಧ್ಯಕ್ಷರಾದ ಜಾರ್ಜ್ ಬುಷ್ ಸೀನಿಯರ್ ಕೂಡ. ಡೆಕ್ ಗಿಡ್ಡ, ಹಡಗು ನಿಧಾನ, ಕಲಿಯುವವರು ಎಳೆಯ ಹುಡುಗರು. ನೂರಕ್ಕೂ ಹೆಚ್ಚು ವಿಮಾನ ನೀರಿಗೆ ಬಿದ್ದವು. ಪೈಲಟ್‌ಗಳಲ್ಲಿ ಹೆಚ್ಚಿನವರನ್ನು ಎತ್ತಿಕೊಂಡರು, ವಿಮಾನಗಳನ್ನು ಬಿಟ್ಟರು.

ಅದರಲ್ಲಿ ಒಂದರ ಕಥೆ ಕೇಳು. ಡಾಂಟ್‌ಲೆಸ್ ಅನ್ನುವ ಬಾಂಬರ್, ನಂಬರ್ 2106. ಪರ್ಲ್ ಹಾರ್ಬರ್ ದಾಳಿಯ ದಿನ ಅಲ್ಲೇ ಇತ್ತು, ಉಳಿಯಿತು. 1942ರ ಮಿಡ್‌ವೇ ಯುದ್ಧದಲ್ಲಿ ಹಾರಿ, ಮೈಯಲ್ಲಿ ಇನ್ನೂರಕ್ಕೂ ಹೆಚ್ಚು ತೂತು ಮಾಡಿಕೊಂಡು ವಾಪಸ್ ಬಂತು. ಅದನ್ನು ರಿಪೇರಿ ಮಾಡಿ ತರಬೇತಿಗೆ ಕಳಿಸಿದರು. 1943ರ ಜೂನಿನಲ್ಲಿ ಸರೋವರಕ್ಕೆ ಬಿತ್ತು. 1994ರಲ್ಲಿ ಎತ್ತಿದರು, ಈಗ ಪೆನ್ಸಕೋಲಾದ ನೌಕಾ ವಿಮಾನ ಮ್ಯೂಸಿಯಮ್ಮಿನಲ್ಲಿದೆ. ಸ್ಕಾಟ್ಲೆಂಡಿನ ಲಾಕ್ ನೆಸ್ ಗೊತ್ತಲ್ಲ, ಅಲ್ಲಿಯೂ ಹೀಗೇ. 1940ರ ಕೊನೆಯ ದಿನ ಎಂಜಿನ್ ಕೆಟ್ಟು ನೀರಿನ ಮೇಲೆ ಇಳಿದ ವೆಲಿಂಗ್ಟನ್ ಬಾಂಬರನ್ನು 1985ರಲ್ಲಿ ಮೇಲೆತ್ತಿದರು. ನೆವಾಡಾ ಕಡೆಯ ಮೀಡ್ ಸರೋವರದಲ್ಲಿರುವ ಬಿ-29 ಮಾತ್ರ ಇನ್ನೂ ತಳದಲ್ಲೇ ಇದೆ. 1948ರಲ್ಲಿ ವಿಜ್ಞಾನದ ಪ್ರಯೋಗಕ್ಕೆ ಹಾರುತ್ತಾ ನೀರಿಗೆ ತಾಗಿ ಬಿದ್ದದ್ದು, ಐದೂ ಜನ ಪಾರಾದರು.

ಇಲ್ಲಿಗೆ ಬಂದಾಗ ನನಗೆ ಒಂದು ಪ್ರಶ್ನೆ ಕಾಡುತ್ತದೆ, ಎತ್ತಬೇಕೋ ಬಿಡಬೇಕೋ ಅಂತ. ಎತ್ತಿದರೆ ಉಳಿಯುತ್ತದೆ ಅನ್ನುವ ಗ್ಯಾರಂಟಿ ಏನಿಲ್ಲ. ಇಟಲಿಯ ನೆಮಿ ಸರೋವರದಲ್ಲಿ ರೋಮ್ ಚಕ್ರವರ್ತಿ ಕಲಿಗುಲಾನ ಎರಡು ದೊಡ್ಡ ಹಡಗುಗಳಿದ್ದವು. 1929ರ ಹೊತ್ತಿಗೆ ಪಂಪು ಹಚ್ಚಿ ಸರೋವರದ ನೀರನ್ನೇ ಇಳಿಸಿ ಹೊರತೆಗೆದರು, ಅವುಗಳಿಗೆ ಅಂತಲೇ ಮ್ಯೂಸಿಯಂ ಕಟ್ಟಿದರು. 1944ರ ಮೇ 31ರ ರಾತ್ರಿ ಯುದ್ಧದ ನಡುವೆ ಬೆಂಕಿ ಬಿದ್ದು ಎರಡೂ ಸುಟ್ಟುಹೋದವು. ಹತ್ತೊಂಬತ್ತು ನೂರು ವರ್ಷ ನೀರು ಕಾಯ್ದದ್ದನ್ನು ಮನುಷ್ಯರ ಕೈಗೆ ಬಂದಮೇಲೆ ಹದಿನೈದು ವರ್ಷ ಕಾಯಲಾಗಲಿಲ್ಲ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಬಿಟ್ಟರೂ ಈಗ ಮೊದಲಿನಂತಿಲ್ಲ. 1980ರ ದಶಕದ ಕೊನೆಗೆ ಬೇರೆ ದೇಶದ ಹಡಗುಗಳು ಹೊಟ್ಟೆಯಲ್ಲಿ ತುಂಬಿಕೊಂಡು ಬಂದ ನೀರಿನ ಜೊತೆ ಎರಡು ಜಾತಿಯ ಸಣ್ಣ ಕಪ್ಪೆಚಿಪ್ಪು ಬಂದವು, ಜೀಬ್ರಾ ಮತ್ತು ಕ್ವಾಗಾ. ಮಿಚಿಗನ್ ಸರೋವರದ ತಳವನ್ನೆಲ್ಲ ಕ್ವಾಗಾ ಹಬ್ಬಿದೆ. ನೀರನ್ನು ಸೋಸಿ ತಿನ್ನುವುದರಿಂದ ನೀರೇನೋ ತಿಳಿಯಾಗಿದೆ, ಡೈವರ್‌ಗಳಿಗೆ ದೂರದವರೆಗೆ ಕಾಣುತ್ತದೆ. ಆದರೆ ಅವು ಹಡಗಿನ ಮೈತುಂಬ ಪದರ ಪದರವಾಗಿ ಅಂಟಿ, ತಮ್ಮ ಭಾರಕ್ಕೇ ಹಲಗೆ ಕೀಳುತ್ತವೆ. ವಿಮಾನದ ಅಲ್ಯೂಮಿನಿಯಂ ಕೂಡ ಅವುಗಳ ಕೆಳಗೆ ಹಾಳಾಗುತ್ತದೆ. ಸುಪೀರಿಯರ್‌ನಲ್ಲಿ ನೀರು ಬಹಳ ತಣ್ಣಗೆ, ಚಿಪ್ಪಿಗೆ ಬೇಕಾದ ಸುಣ್ಣದ ಅಂಶವೂ ಕಡಿಮೆ, ಅದಕ್ಕೆ ಅಲ್ಲಿನ್ನೂ ಅಷ್ಟಾಗಿ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಯಾರೂ ಸಾಯದೆ ಬಿದ್ದ, ಈಗ ಕಪ್ಪೆಚಿಪ್ಪು ಹಾಳು ಮಾಡುತ್ತಿರುವ ವಿಮಾನವನ್ನು, ಎತ್ತಿ ನೋಡಿಕೊಳ್ಳಲು ದುಡ್ಡು ಮತ್ತು ಜಾಗ ಇರುವವರು ಎತ್ತಲಿ. ಜನ ಸತ್ತ ಹಡಗನ್ನು ಮಾತ್ರ ಮುಟ್ಟಬಾರದು. ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹೆಸರು ನೀನು ಅಲ್ಲಿ ಕೇಳೇ ಇರುತ್ತೀಯ. 729 ಅಡಿ ಉದ್ದದ ಅದಿರು ಹಡಗು, 1975ರ ನವೆಂಬರ್ 10ರಂದು ಸುಪೀರಿಯರ್‌ನಲ್ಲಿ ಮುಳುಗಿ 29 ಜನರೂ ಹೋದರು. ಎರಡು ತುಂಡಾಗಿ 530 ಅಡಿ ಆಳದಲ್ಲಿದೆ. 1995ರಲ್ಲಿ ಮನೆಯವರ ಕೋರಿಕೆಯ ಮೇಲೆ ಅದರ ಗಂಟೆಯನ್ನಷ್ಟೇ ತಂದರು, ಅದರ ಜಾಗದಲ್ಲಿ 29 ಹೆಸರು ಕೊರೆದ ಹೊಸ ಗಂಟೆ ಇಟ್ಟು ಬಂದರು. ಈಗ ಅಲ್ಲಿ ಇಳಿಯಲು ಒಂಟಾರಿಯೋ ಸರ್ಕಾರದ ಅನುಮತಿ ಬೇಕು. ಇದು ಸರಿಯಾದ ರೀತಿ. ಮನೆಯವರು ಕೇಳಿದರು, ಕೇಳಿದ್ದಷ್ಟೇ ತಂದರು.

ಆದ್ದರಿಂದ ದೋಸ್ತ, ನೀನು ಇಳಿದಾಗ ಒಂದು ಮೊಳೆಯನ್ನೂ ತರಬೇಡ. ಕಾನೂನೂ ಹಾಗೇ ಇದೆ, ವಿಸ್ಕಾನ್ಸಿನ್‌ನಲ್ಲಿ ಹಡಗಿನ ತುಂಡು ತೆಗೆಯುವುದು ಅಪರಾಧ, ನೌಕಾಪಡೆಯ ವಿಮಾನ ಮುಳುಗಿದರೂ ನೌಕಾಪಡೆಯದ್ದೇ. ಆದರೆ ಕಾನೂನಿಗೆ ಹೆದರಿ ಅಲ್ಲ. ಹಳೆಯ ಕಾಲದ ಡೈವರ್‌ಗಳು ನೆನಪಿಗೆ ಅಂತ ಒಬ್ಬೊಬ್ಬರು ಒಂದೊಂದು ಬಿಚ್ಚಿಕೊಂಡು ಹೋಗಿ ಎಷ್ಟೋ ಹಡಗು ಖಾಲಿಯಾಗಿವೆ. ನಾವು ಹಾಗೆ ಮಾಡುವುದು ಬೇಡ. ದೋಣಿಯವರಿಗೆ ಲಂಗರನ್ನು ಹಡಗಿನ ಮೇಲೇ ಎಸೆಯಲು ಬಿಡಬೇಡ, ಹಗ್ಗ ಕಟ್ಟಲು ತೇಲುಬುರುಡೆ ಇದ್ದರೆ ಅದಕ್ಕೇ ಕಟ್ಟಲಿ. ಫೋಟೋ ತೆಗೆ, ಎಷ್ಟು ಬೇಕಾದರೂ. ಮುಂದೆ ಆ ಹಲಗೆ ಬಿದ್ದಮೇಲೆ ನಿನ್ನ ಫೋಟೋ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ನನ್ನದೂ ಕೇಳಿದ್ದೆಯಲ್ಲ. ಮುರುಡೇಶ್ವರದಿಂದ ಹೋಗಿ ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿದ ಮೇಲೆ ಮುಂದಿನ ಕಲಿಕೆ ಹಾಗೇ ಉಳಿದಿದೆ, ಈ ವರ್ಷ ಮಳೆಗಾಲ ಮುಗಿದಮೇಲೆ ಮತ್ತೆ ಹೋಗುತ್ತೇನೆ. ಉಣಕಲ್ ಕೆರೆಯಲ್ಲಾದರೂ ಇಳಿ ಅನ್ನುತ್ತಾಳೆ ತಂಗಿ, ಆ ನೀರಿನಲ್ಲಿ ಏನೂ ಕಾಣುವುದಿಲ್ಲ.

ಅಲ್ಲಿ ಡ್ರೈ ಸೂಟ್, ಅದೇ ಮೈಗೆ ನೀರು ತಾಗದ ಡೈವಿಂಗ್ ಉಡುಪು, ಬಾಡಿಗೆಗೆ ಸಿಗುತ್ತದಾ, ಇಲ್ಲಾ ಕೊಳ್ಳಲೇಬೇಕಾ? ನಿನ್ನ ಮಾಸ್ತರರು ಪ್ರಿನ್ಸ್ ವಿಲೆಮ್‌ಗೆ ಕರೆದುಕೊಂಡು ಹೋಗುತ್ತಾರಾ ಕೇಳಿ ಬರೆ. ಆ ರೈಲು ಹಡಗಿಗೆ ಯಾರಾದರೂ ಇಳಿದವರು ಸಿಕ್ಕರೆ, ವ್ಯಾಗನ್‌ಗಳು ಹಳಿಯ ಮೇಲಿವೆಯೋ ಉರುಳಿವೆಯೋ, ಕಟ್ಟಿದ ಸರಪಳಿ ಕಾಣುತ್ತದೆಯೋ ಅಂತ ಕೇಳು. ಅಪ್ಪ ವಾರಕ್ಕೊಮ್ಮೆ ವಿಚಾರಿಸುತ್ತಿದ್ದಾರೆ.

ನಿನ್ನ
ಗೆಳೆಯ