ಗಾರಿಗೆಗೆ ಎರಡು ಕಣ್ಣು

ಎಡಿಸನ್, ನ್ಯೂಜೆರ್ಸಿ
ಅಕ್ಟೋಬರ್ 12

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಮ್ಮ, ಹ್ಯಾಲೋವೀನ್‌ಗೆ ಮನೆಯಲ್ಲೇ ಏನಾದರೂ ಮಾಡೋಣ ಅಂತ ಚಿನ್ನು ಹಟ ಹಿಡಿದಿದ್ದಾಳೆ, ನಾವು ಆಗ ಏನೇನು ಮಾಡುತ್ತಿದ್ದೆವು?" ಅಂತ. ಒಲೆಯ ಮೇಲೆ ಹಾಲಿತ್ತು, ಅರ್ಧಂಬರ್ಧ ಹೇಳಿ ಇಟ್ಟುಬಿಟ್ಟೆ. ಈಗ ಕೂತು ಬರೆಯುತ್ತಿದ್ದೇನೆ.

ಮನೆಯಲ್ಲಿ ಮಾಡಲು ಶುರು ಮಾಡಿದ್ದು ಯಾಕೆ ಅನ್ನುವುದು ನಿನಗೆ ನೆನಪಿದೆಯೋ ಇಲ್ಲವೋ. ನೀನಾಗ ಒಂದನೇ ಕ್ಲಾಸು. ಹ್ಯಾಲೋವೀನ್ ರಾತ್ರಿ ಎಲ್ಲ ಮಕ್ಕಳ ಹಾಗೆ ವೇಷ ಹಾಕಿ, ಮೊದಲ ಸಲ ಬೀದಿಯ ಮನೆಮನೆಯ ಬಾಗಿಲು ತಟ್ಟಿ ದಿಂಬಿನ ಕವರಿನ ತುಂಬ ಕ್ಯಾಂಡಿ ತಂದಿದ್ದೆ. ನಾನು ಒಂದೊಂದೇ ಪೊಟ್ಟಣ ತಿರುಗಿಸಿ ಓದುತ್ತಾ ಕೂತೆ. ಮಾರ್ಷ್‌ಮೆಲೋದಲ್ಲಿ ಜೆಲಟಿನ್, ಗಮ್ಮಿಯಲ್ಲಿ ಜೆಲಟಿನ್, ಕ್ಯಾಂಡಿ ಕಾರ್ನ್‌ನಲ್ಲೂ ಜೆಲಟಿನ್. ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವಂಥದ್ದು ನಮ್ಮ ಮನೆಗೆ ಬೇಡ ಅಂತ, ನಿನ್ನ ಕಣ್ಣೆದುರಿಗೇ ಅರ್ಧ ಚೀಲ ಕಸದ ಬುಟ್ಟಿಗೆ ಸುರಿದೆ. ನೀನು ಅಳಲಿಲ್ಲ. ಬೆನ್ನಿಗೆ ಕಟ್ಟಿಕೊಂಡಿದ್ದ ಚಿಟ್ಟೆಯ ರೆಕ್ಕೆ ಬಿಚ್ಚಿ ಕುರ್ಚಿಯ ಮೇಲಿಟ್ಟು ಹೋಗಿ ಮಲಗಿಬಿಟ್ಟೆ. ಆ ರೆಕ್ಕೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅದು ನಾನು ಮಾಡಿದ ತಪ್ಪು. ಬೇಡ ಅಂದೆನೇ ಹೊರತು ಬದಲಿಗೆ ಏನು ಕೊಡುತ್ತೇನೆ ಅಂತ ಯೋಚಿಸಿರಲಿಲ್ಲ. ಮರುವರ್ಷ ಅಕ್ಟೋಬರ್ ಬಂದಾಗ ನಿನ್ನನ್ನು ಅಡುಗೆಮನೆ ಕಟ್ಟೆಯ ಮೇಲೆ ಕೂರಿಸಿಕೊಂಡೆ.

ಚಿನ್ನುವಿಗೆ ಮೊದಲು ಸ್ಟ್ರಾಬೆರಿ ದೆವ್ವ ಮಾಡಿಸು. ಹಣ್ಣು ತೊಳೆದು, ಬಟ್ಟೆಯ ಮೇಲೆ ಹರಡಿ, ಒಂದೊಂದನ್ನೂ ಅವಳ ಕೈಯಲ್ಲೇ ಒರೆಸಿಸು. ಇದರಲ್ಲಿ ಅವಸರ ಬೇಡ. ಒಂದು ಹನಿ ನೀರು ಸೇರಿದರೂ ಕರಗಿದ ಚಾಕೊಲೇಟ್ ಮರಳುಮರಳಾಗಿ ಗಂಟು ಕಟ್ಟುತ್ತದೆ. ಬಿಳಿ ಚಾಕೊಲೇಟ್ ಚಿಪ್ಸ್‌ಗೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಮೈಕ್ರೋವೇವ್‌ನಲ್ಲಿ 30 ಸೆಕೆಂಡ್ ಇಡು, ತೆಗೆದು ಕಲಕು, ಮತ್ತೆ ಇಡು. ಒಂದೇ ಸಲಕ್ಕೆ ಎರಡು ನಿಮಿಷ ಇಟ್ಟೆಯೋ, ಸೀದುಹೋಗುತ್ತದೆ. ತೊಟ್ಟು ಹಿಡಿದು ಅದ್ದಿ, ಬೆಣ್ಣೆ ಕಾಗದದ ಮೇಲೆ ಸ್ವಲ್ಪ ಎಳೆದು ಮಲಗಿಸಿದರೆ ಹಿಂದೆ ಬಾಲದ ಹಾಗೆ ಹರಡುತ್ತದೆ, ಅದೇ ದೆವ್ವದ ಸೆರಗು. ಕಣ್ಣಿಗೆ ಎರಡು ಕಪ್ಪು ಚಿಪ್ಸ್. ಕಣ್ಣು ಎಲ್ಲಿಡಬೇಕು ಅಂತ ಮಾತ್ರ ನೀನು ಹೇಳಬೇಡ. ನೀನು ಒಂದಕ್ಕೆ ಐದು ಕಣ್ಣಿಟ್ಟು, "ಇದಕ್ಕೆ ಹಿಂದೆನೂ ಕಾಣತ್ತೆ" ಅಂದಿದ್ದೆ.

ಕಿತ್ತಳೆ ಸುಲಿದು ನೆತ್ತಿಗೆ ಸೆಲರಿಯ ತುಂಡು ಚುಚ್ಚಿದರೆ ಕುಂಬಳಕಾಯಿ, ಅರ್ಧ ಬಾಳೆಹಣ್ಣು ನಿಲ್ಲಿಸಿ ಕಣ್ಣಿಟ್ಟರೆ ಇನ್ನೊಂದು ದೆವ್ವ. ಮಾಟಗಾತಿಯ ಪೊರಕೆ ಅವಳಿಗೆ ಖಂಡಿತ ಹಿಡಿಸುತ್ತದೆ: ಸ್ಟ್ರಿಂಗ್ ಚೀಸ್ ತುಂಡಿನ ಒಂದು ತುದಿಯನ್ನು ಎಳೆಎಳೆಯಾಗಿ ಸೀಳಿ, ಇನ್ನೊಂದು ತುದಿಗೆ ಪ್ರೆಟ್ಜೆಲ್ ಕಡ್ಡಿ ಸಿಕ್ಕಿಸಿ, ಕೊತ್ತಂಬರಿ ದಂಟಿನಿಂದ ಕಟ್ಟು. ದಂಟನ್ನು ಬಿಸಿನೀರಿನಲ್ಲಿ ಒಂದು ಕ್ಷಣ ಅದ್ದಿದರೆ ಮುರಿಯದೆ ಬಾಗುತ್ತದೆ. ಚೀಸ್ ಕೊಳ್ಳುವಾಗ, ಹಾಲು ಹೆಪ್ಪುಗಟ್ಟಿಸಲು ಹಾಕುವ ರೆನೆಟ್ ಪ್ರಾಣಿಯದ್ದೋ ಅಲ್ಲವೋ ಅಂತ ನೋಡಿಕೋ. ದ್ರಾಕ್ಷಿ ಇಟ್ಟರೆ ಉದ್ದಕ್ಕೆ ಸೀಳಿಯೇ ಕೊಡು, ಪಕ್ಕದ ಮನೆಯ ಎರಡು ವರ್ಷದ ಕೂಸಿನ ಕೈಗೆ ಪಾಪ್‌ಕಾರ್ನ್ ಸಿಗದಂತೆ ನೋಡಿಕೋ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇದೆಲ್ಲ ನಿಮ್ಮ ಮನೆಗೆ, ಗುರುತಿನ ಮಕ್ಕಳಿಗೆ ಮಾತ್ರ. ಬಾಗಿಲು ತಟ್ಟಿ ಬರುವವರಿಗೆ ಅಂಗಡಿಯ ಮುಚ್ಚಿದ ಪೊಟ್ಟಣವೇ ಸರಿ. ಶೇಂಗಾ, ಹಾಲು ಆಗದ ಮಕ್ಕಳೂ ಬರುತ್ತಾರೆ. 2014ರಿಂದ ಇಲ್ಲಿ ಎಷ್ಟೋ ಮನೆಯವರು ಹಸಿರು ಬೆರೆತ ನೀಲಿ ಬಣ್ಣ ಬಳಿದ ಕುಂಬಳಕಾಯಿ ಬಾಗಿಲಲ್ಲಿಡುತ್ತಾರಲ್ಲ, ತಿನ್ನುವುದಲ್ಲದ ಆಟಿಕೆಯೂ ಇಲ್ಲಿ ಸಿಗುತ್ತದೆ ಅಂತ. ನೀನೂ ಒಂದು ಇಡು. ಆ ಮಕ್ಕಳು ಬರಿಗೈಯಲ್ಲಿ ಹೋಗುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಇನ್ನು ಗಾರಿಗೆ. ಮುಖ ಕೊರೆಯುವ ದೊಡ್ಡ ಕುಂಬಳಕಾಯಿ ಬರೀ ನಾರು, ನೀರು. ಅಡುಗೆಗೆ ಚಿಕ್ಕ ಪೈ ಕುಂಬಳ ತಾ. ದೊಡ್ಡದರ ಬೀಜ ಮಾತ್ರ ಬಿಸಾಡಬೇಡ, ತೊಳೆದು ಆರಿಸಿ ಎಣ್ಣೆ, ಉಪ್ಪು, ಖಾರದಪುಡಿ ಸವರಿ ಓವನ್‌ನಲ್ಲಿ ಹುರಿ. ಗಾರಿಗೆಗೆ ಚಿಕ್ಕ ಕುಂಬಳದ ಎರಡು ಕಪ್ ತುರಿಗೆ ಒಂದು ಕಪ್ ಬೆಲ್ಲ ಹಾಕಿ ಬೇಯಿಸು, ನೀರು ಬೇಡ, ಅದೇ ಬಿಟ್ಟುಕೊಳ್ಳುತ್ತದೆ. ಆರಿದ ಮೇಲೆ ಏಲಕ್ಕಿ, ಗಸಗಸೆ, ಹಿಡಿಸಿದಷ್ಟು ಗೋಧಿಹಿಟ್ಟು ಹಾಕಿ ನಾದು. ತಟ್ಟುವುದು ಚಿನ್ನು, ಕರಿಯುವುದು ನೀನು.

ಅಜ್ಜ ಧಾರವಾಡದಲ್ಲಿ ತೀರಿಕೊಂಡ ವರ್ಷ ನೆನಪಿದೆಯಾ? ನನಗೆ ಹೋಗಲಾಗಲಿಲ್ಲ. ಪಿತೃಪಕ್ಷವೂ ಕಳೆದಿತ್ತು. ಹ್ಯಾಲೋವೀನ್ ದಿನ ನಾನು ಸುಮ್ಮನೆ ಗಾರಿಗೆ ತಟ್ಟುತ್ತಿದ್ದೆ. ನೀನು ಬಂದು ಒಂದಕ್ಕೆ ಬೆರಳಿನಿಂದ ಎರಡು ತೂತು ಮಾಡಿ, "ಇದು ಅಜ್ಜ. ಇವತ್ತು ಎಲ್ಲರೂ ವಾಪಸ್ ಬರ್ತಾರಂತೆ" ಅಂದೆ. ಐರಿಷ್ ಮೂಲದ ಪಕ್ಕದ ಮನೆಯ ಅಜ್ಜಿ ಹೇಳಿದ್ದಂತೆ ನಿನಗೆ. ಅವರ ಹಿರಿಯರ ಕಾಲದಲ್ಲಿ ಕುಂಬಳವಲ್ಲ, ಟರ್ನಿಪ್ ಗೆಡ್ಡೆಯಲ್ಲಿ ಮುಖ ಕೊರೆಯುತ್ತಿದ್ದರಂತೆ. ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ ಅಂತ ಬಡವರು ಮನೆಮನೆಗೆ ಹೋದರೆ, ಅವರ ಕೈಗೆ ಸಣ್ಣ ರೊಟ್ಟಿಯಂಥ ಕೇಕ್ ಕೊಡುತ್ತಿದ್ದರಂತೆ. ಹಿರಿಯರ ಹೆಸರಿನಲ್ಲಿ ಇನ್ನೊಬ್ಬರಿಗೆ ಉಣ್ಣಿಸುವುದು ನಮಗೆ ಹೊಸದೇನಲ್ಲವಲ್ಲ. ಕಣ್ಣಿದ್ದ ಆ ಗಾರಿಗೆಯನ್ನು ಕರಿದು ಕಿಟಕಿಯ ಹತ್ತಿರ ತಟ್ಟೆಯಲ್ಲಿಟ್ಟೆ. ಅಪ್ಪ ಹೋದ ಮೇಲೆ ನಾನು ಬಾಯಿಬಿಟ್ಟು ಅತ್ತದ್ದು ಅವತ್ತೇ. ನೀನು ಹಿಟ್ಟಿನ ಕೈಯಲ್ಲೇ ನನ್ನ ಮುಖ ಒರೆಸಿದೆ.

ಬೆಲ್ಲ ಪಾರ್ಸೆಲ್ ಮಾಡಿದ್ದೇನೆ, ಶನಿವಾರದೊಳಗೆ ಬರುತ್ತದೆ. ಅರ್ಧ ಗಾರಿಗೆಗೆ, ಇನ್ನರ್ಧ ದೀಪಾವಳಿಗೆ ಎತ್ತಿಡು. ಚಿನ್ನು ತಟ್ಟಿದ್ದರ ಫೋಟೋ ಕಳಿಸು, ಎಣ್ಣೆಗೆ ಹಾಕುವ ಮುಂಚೆ ತೆಗೆದದ್ದು.

ನಿನ್ನ
ಅಮ್ಮ